ಬೆಳ್ಳಮ್ಮನ ಕೊಟ್ಟಿಗೆ

“ಇದು ಮನೆಯೋ ಕೊಟ್ಟಿಗೆಯೋ, ಇವತ್ತು ತೀರ್ಮಾನ ಆಗ್ಲಿ ಸೆಕ್ರೆಟ್ರಿಗಳೇ,” ಎನ್ನುತ್ತ ಮುಕುಂದಯ್ಯ ಬಾಗಿಲು ತಳ್ಳಿದ.

ಪಂಚಾಯತಿ ಸೆಕ್ರೆಟರಿ ಗಜಾನನ ತಲೆ ಬಗ್ಗಿಸಿಕೊಂಡು ಹಿಂದೆಯೇ ಒಳಬಂದ. ಬೆಳಿಗ್ಗೆ ಮನೆಯಲ್ಲಿ ಹಾಲಿಲ್ಲದ ಕಾಫಿ ಕುಡಿದು ಬಂದಿದ್ದ. ಮುಖವೂ ಹಾಗೇ ಇತ್ತು.

ಅದು ಎಪ್ಪತ್ತೆಂಟರ ಬೇಸಿಗೆಯ ಕೊನೆ. ರಿಪ್ಪನ್‌ಪೇಟೆಯಲ್ಲಿ ಮುಕುಂದಯ್ಯನ ಬಟ್ಟೆ ಅಂಗಡಿಯ ಹಿಂದೆ ಬೆಳ್ಳಮ್ಮನದೊಂದು ತುಂಡು ಜಾಗವಿತ್ತು. ಗಂಡ ಸತ್ತಮೇಲೆ ಅವಳಿಗೆ ಉಳಿದದ್ದು ಅದೊಂದೇ. ಅಲ್ಲಿ ಒಂದು ಚಾಪೆ, ಒಂದು ಒಲೆ ಹಿಡಿಯುವಷ್ಟು ಗೋಡೆ ಎಬ್ಬಿಸಿ ಹೆಂಚು ಹೊದಿಸಿದ್ದಳು. ಇಷ್ಟು ಚಿಕ್ಕದನ್ನು ಮನೆಯೆಂದು ಒಪ್ಪಿ ಪರವಾನಗಿ ಕೊಡಲು ಪಂಚಾಯತಿ ನಿಯಮದಲ್ಲಿ ಅವಕಾಶವಿರಲಿಲ್ಲ. ಕೊಟ್ಟಿಗೆಗಾದರೆ ಪರವಾನಗಿಯೇ ಬೇಡ. ಹಸು ಎಷ್ಟು ಇಕ್ಕಟ್ಟಿನಲ್ಲಾದರೂ ಮಲಗಬಹುದು, ಮನುಷ್ಯರು ಮಲಗಬಾರದು. ಪಂಚಾಯತಿಗೆ ನಮ್ಮ ಮೇಲೆ ಅಷ್ಟು ಅಕ್ಕರೆ.

ಬೆಳ್ಳಮ್ಮ ಅದನ್ನು ಕೊಟ್ಟಿಗೆ ಎಂದಳು. ಜಾಗದ ಮೇಲೆ ಕಣ್ಣಿಟ್ಟಿದ್ದ ಮುಕುಂದಯ್ಯ ದೂರು ಕೊಟ್ಟ. ಹೋದ ವಾರ ಗಜಾನನ ಬಂದು ಬೀದಿಗೆಲ್ಲ ಕೇಳುವಂತೆ ಗದರಿದ್ದ.

“ಗುರುವಾರ ಬರ್ತೀನಿ. ಒಳಗೆ ಹಸು ಇರ್ಬೇಕು. ಇಲ್ದಿದ್ರೆ ಹೆಂಚು ಇಳಿಸ್ತೀನಿ.”

ಮಳೆಗಾಲ ಹತ್ತಿರವಿತ್ತು. ಬೆಳ್ಳಮ್ಮನಿಗೆ ಬೇರೆ ಸೂರಿರಲಿಲ್ಲ.

ಈಗ ಒಳಗೆ ಕೆಂಪು ಹಸುವೊಂದು ಹುಲ್ಲು ತಿನ್ನುತ್ತಿತ್ತು. ಸುತ್ತಿದ ಚಾಪೆ ಮೂಲೆಯಲ್ಲಿತ್ತು.

“ಇದು ಇವಳ ಹಸುವೇ ಅಲ್ಲ,” ಎಂದ ಮುಕುಂದಯ್ಯ. “ಬೆಳ್ಳಮ್ಮ, ಇದರ ಹೆಸರೇನು ಹೇಳು.”

ಗೋಡೆಯ ಬಳಿ ನಿಂತಿದ್ದ ಬೆಳ್ಳಮ್ಮ ಹುಲ್ಲನ್ನು ಹಸುವಿನ ಮುಂದಕ್ಕೆ ತಳ್ಳಿದಳು. “ಹೆಸರು ಇಟ್ಟಿಲ್ಲ ಅಯ್ಯ. ಬಾ ಅಂದ್ರೆ ಬರ್ತದೆ.”

“ಕರಿ, ನೋಡಾಣ.”

ಕರೆದಳು. ಹಸು ಅವಳತ್ತ ತಿರುಗಲೂ ಇಲ್ಲ. ಕತ್ತು ಚಾಚಿ ಗಜಾನನನ ಅಂಗಿಯ ತೋಳು ನೆಕ್ಕಿತು. ಆತ ಸಿಡುಕಿ ಕೈ ಎಳೆದುಕೊಂಡ. ಎಲ್ಲ ಮುಗಿಯಿತೆಂದು ಬೆಳ್ಳಮ್ಮ ಗೋಡೆಗೆ ಒರಗಿದಳು.

“ನೋಡಿದ್ರಲ್ಲ?” ಮುಕುಂದಯ್ಯ ಗೆದ್ದವನಂತೆ ನಕ್ಕ.

“ನೋಡ್ದೆ. ಹಸು ಇರ್ಬೇಕು ಅಂತ ನಿಯಮ ಇದೆ. ಯಾರ ಹಸು ಅಂತ ಇಲ್ಲ.” ಗಜಾನನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಕೊಟ್ಟಿಗೆ’ ಎಂದು ಬರೆದು ಹೊರಟುಹೋದ. ಮುಕುಂದಯ್ಯ ಸ್ವಲ್ಪ ಹೊತ್ತು ಹಸುವಿನ ಮುಖವನ್ನೇ ನೋಡಿದ. ಬಟ್ಟೆಯಾಗಿದ್ದರೆ ಯಾವ ಮನೆಯದೆಂದು ಹೇಳಿಬಿಡುತ್ತಿದ್ದ.

ಸಂಜೆ ಅಂಗಡಿ ಮುಚ್ಚಿ ಅವನು ಹೋದ ಮೇಲೆ ಗಜಾನನ ಮತ್ತೆ ಬಂದ. ಬೆಳ್ಳಮ್ಮ ಕಣ್ಣೊರೆಸಿಕೊಂಡು ಹಗ್ಗ ಬಿಚ್ಚಿ ಅವನ ಕೈಗಿತ್ತಳು.

“ನಡಿಯೇ ಗೌರಿ, ಮನೆಗೆ ಹೋಗಾಣ,” ಎಂದ ಗಜಾನನ. “ನೀನಿಲ್ದೆ ಬೆಳಿಗ್ಗೆ ಕಾಫಿಗೆ ಹಾಲೇ ಇರ್ಲಿಲ್ಲ.”