ದೊಡ್ಡಪಾಲಯ್ಯನ ಸೈನು

“ಹೆಸರೊಂದು ಹೇಳಿಬಿಡಿ ಅಜ್ಜಿ, ಸಾಕು,” ಎಂದು ಶಶಿಕಾಂತ್ ಮತ್ತೆ ಮೊಬೈಲ್ ಎತ್ತಿ ಹಿಡಿದ. “‘ಈ ಸಹಿ ನಮ್ಮ ಯಜಮಾನರಾದ ಇಂಥವರದು’ ಅಂದ್ರೆ ನನ್ನ ಕೆಲಸ ಮುಗೀತು.”

“ಹೂಂ, ಅದೇ ಸೈನು. ನಮ್ಮ ಯಜಮಾನ್ರ ಹೆಸ್ರೇ ಐತೆ,” ಎಂದಳು ಬೋರಕ್ಕ, ಸೆರಗು ಸರಿಮಾಡಿಕೊಂಡು.

“ಯಜಮಾನರ ಹೆಸರು?”

“ಅಲ್ಲೇ ಬರ್ದೈತಲ್ಲ, ಓದ್ಕಳಪ್ಪ.”

ಪಕ್ಕದಲ್ಲಿ ನಿಂತಿದ್ದ ಚಂದ್ರಶೇಖರ್ ಹಣೆ ಒರೆಸಿಕೊಂಡ. ಚಳ್ಳಕೆರೆಯ ತನ್ನ ಎಣ್ಣೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ದೇವರ ಹಾಗೆ ಇಟ್ಟಿದ್ದ ಸೈಕಲ್ಲನ್ನು ಹೆಂಡತಿಯ ಹಳೇ ಸೀರೆಯಲ್ಲಿ ಸುತ್ತಿ, ಟೆಂಪೋದಲ್ಲಿ ಮಲಗಿಸಿ, ಮೊಳಕಾಲ್ಮೂರು ದಾಟಿ ಈ ಹಟ್ಟಿಗೆ ತಂದಿದ್ದ. ಬೋರಕ್ಕನ ಗಂಡ ದೊಡ್ಡಪಾಲಯ್ಯ ರಾಜ್ಯದ ರೇಸು ಗೆದ್ದ ಸೈಕಲ್ಲು ಅದು. ಅಡ್ಡ ಪೈಪಿನ ಮೇಲೆ ಬಿಳೀ ಬಣ್ಣದಲ್ಲಿ ಅವನ ಸೈನು. ಕೊನೆಯ ಒತ್ತಕ್ಷರದ ಬಾಲ ಸುತ್ತಿ ಸುತ್ತಿ ಚಕ್ರವಾಗಿತ್ತು. ಚಂದ್ರಶೇಖರನ ಅಪ್ಪ ಅದನ್ನು ದೊಡ್ಡಪಾಲಯ್ಯನಿಂದಲೇ ಕೊಂಡಿದ್ದರು. ಈಗ ಅಪ್ಪನೂ ಇಲ್ಲ, ದೊಡ್ಡಪಾಲಯ್ಯನೂ ಇಲ್ಲ. ಇರುವವನು ಷಡ್ಡಕ ವಿಶ್ವನಾಥ್ ಮಾತ್ರ. ಆ ಪುಣ್ಯಾತ್ಮ ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದ: “ಆ ಸೈನ್ ಇವ್ನೇ ಹಾಕ್ಕೊಂಡಿದ್ದು ಕಣ್ರೀ, ಹೆಂಡ್ತಿ ನೇಲ್ ಪಾಲಿಶ್‌ನಾಗೆ.” ಅವತ್ತಿನಿಂದ ಚಂದ್ರಶೇಖರನಿಗೆ ಬೀಗರ ಮನೆಯ ಹೋಳಿಗೆ ಗಂಟಲಲ್ಲಿ ಇಳಿದಿರಲಿಲ್ಲ. ಹಳೇ ಆಟದ ಸಾಮಾನಿಗೆ ಬೆಲೆ ಕಟ್ಟುವ ಶಶಿಕಾಂತನನ್ನು ಬೆಂಗಳೂರಿನಿಂದ ಕರೆಸಿದ್ದೇ ಅದಕ್ಕೆ.

“ಕುಟುಂಬದವರು ಬಾಯಿಬಿಟ್ಟು ಹೇಳ್ಲೇಬೇಕು ಸಾರ್, ನಮ್ಮ ರೂಲ್ಸು,” ಎಂದ ಶಶಿಕಾಂತ್. ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು. “ಅಜ್ಜಿ, ‘ದೊಡ್ಡ’ ಅಂತ ಈಗ ಹೇಳಿ. ಉಳಿದದ್ದು ಕಾಫಿ ಕುಡಿದು ಹೇಳಿ. ಎರಡೂ ವಿಡಿಯೊ ನಾನು ಅಂಟಿಸ್ಕೋತೀನಿ.”

“ಅದನ್ನೂ ಅನ್ನಲ್ಲ ಕಣಪ್ಪ. ಕೆಮ್ಮಿಗೆ ತಿಂತಾರಲ್ಲ, ದಪ್ಪ ಎಲೆ ಪತ್ರೆ, ಅದಕ್ಕೂ ನಾನು ಕೆಮ್ಮಿನ ಸೊಪ್ಪು ಅಂತೀನಿ. ಗಂಡನ ಹೆಸ್ರು ಹೇಳಿ ನರಕಕ್ಕೆ ಹೋಗ್ಲಾ?”

ಶಶಿಕಾಂತ್ ಸೋತು, ಚೀಲದಿಂದ ಭೂತಗನ್ನಡಿ ತೆಗೆದ. ಒಂದು ಸ್ಕೂಲಿನ ಬಹುಮಾನದ ಕಪ್ಪಿನ ಮೇಲೆ, ಯಾರದೋ ಹಳೇ ಅಂಗಿಯ ಮೇಲೆ ಇದ್ದ ದೊಡ್ಡಪಾಲಯ್ಯನ ಸೈನುಗಳ ಫೋಟೊಗಳು ಅವನ ಹತ್ತಿರ ಇದ್ದವು. ಪೈಪಿಗೆ ಮೂಗು ತಾಗಿಸಿ ನೋಡಿದ, ಫೋಟೊ ಹಿಗ್ಗಿಸಿ ನೋಡಿದ, ಹಲ್ಲು ಕಿರಿದ. “ಸಾರ್, ಎಲ್ಲಾ ಒಂದೇ ಕೈ!”

ಚಂದ್ರಶೇಖರನ ಹೆಬ್ಬೆರಳು ಆಗಲೇ ಫ್ಯಾಮಿಲಿ ಗ್ರೂಪಿನ ಮೇಲಿತ್ತು.

“ಒಂದೇ ಕೈ ಆಗ್ದೆ ಇನ್ನೇನು,” ಎಂದಳು ಬೋರಕ್ಕ. “ಎಲ್ಲಾ ನಂದೇ ಕೈ.”

ಚಂದ್ರಶೇಖರ್ ಮೊಬೈಲನ್ನು ಜೇಬಿಗೆ ಇಳಿಸಿದ.

“ಆಯಪ್ಪಂಗೆ ಸೈನ್ ಎಲ್ಲಿ ಬರ್ತಿತ್ತು ಸಾವ್ಕಾರ್ರೇ? ಬರೇ ಹೆಬ್ಬೆಟ್ಟು. ಗೆದ್ದು ಬಂದ್ಮೇಲೆ ಜನ ಸೈನು ಸೈನು ಅಂತ ಮುತ್ಕೊಂಡ್ರು. ಅಷ್ಟು ಜನದ ಮುಂದೆ ಹೆಬ್ಬೆಟ್ಟು ಒತ್ತಾಕೆ ನಾಚ್ಕೆ. ‘ಒಳಗೆ ಕುಂತು ಚೆಂದಾಗಿ ಹಾಕಿ ತರ್ತೀನಿ ಇರ್ರಿ’ ಅನ್ನಾದು, ನಂಗೆ ತಂದು ಕೊಡಾದು. ನಾನು ನಾಕನೇ ಕ್ಲಾಸು ಓದಿದ್ದೆ. ರೊಟ್ಟಿ ಬೇಯೋ ಹೊತ್ನಾಗೆ ಬರ್ದು ಕೊಡ್ತಿದ್ದೆ. ಈ ಸೈಕಲ್ಲೂ ಒಲೆ ಮುಂದಕ್ಕೇ ಬಂದಿತ್ತು.”

ಶಶಿಕಾಂತ್ ಚೀಲದಿಂದ ಮಾರ್ಕರ್ ತೆಗೆದು ಕೊಟ್ಟ. ಬೋರಕ್ಕ ರಟ್ಟಿನ ಚೂರೊಂದರ ಮೇಲೆ, ರಂಗೋಲಿ ಎಳೆಯುವಷ್ಟು ಸಲೀಸಾಗಿ, ಗಂಡನ ಹೆಸರು ಬರೆದು ಚಕ್ರ ಸುತ್ತಿದಳು. ಪೈಪಿನ ಮೇಲಿದ್ದದ್ದೇ ರಟ್ಟಿಗೆ ಇಳಿದು ಬಂದಿತ್ತು. ಶಶಿಕಾಂತ್ ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ.

“ಅಲ್ಲ ಅಜ್ಜಿ, ಬಾಯಲ್ಲಿ ಹೇಳಬಾರದ ಹೆಸರನ್ನ ಬರೀಬಹುದಾ?”

“ಹೇಳ್ಬ್ಯಾಡ ಅಂದಿದ್ಲು ನಮ್ಮತ್ತೆ. ಬರೀಬ್ಯಾಡ ಅನ್ನಲಿಲ್ಲ. ನಂಗೆ ಬರೆಯಾಕೆ ಬರ್ತೈತೆ ಅಂತ ಆಯಮ್ಮಂಗೆ ಗೊತ್ತೇ ಇರ್ಲಿಲ್ಲ.”

ಶಶಿಕಾಂತ್ ಚಂದ್ರಶೇಖರನನ್ನು ಟೆಂಪೋ ಹಿಂದಕ್ಕೆ ಎಳೆದುಕೊಂಡು ಹೋದ. “ಸಾರ್, ಇದು ನಮ್ಮ ನಮ್ಮಲ್ಲೇ ಇರ್ಲಿ. ಮೂರೂ ತಾಳೆ ಆಗಿದೆ, ಅಸಲಿ ಅಂತ ಸರ್ಟಿಫಿಕೇಟ್ ಕೊಡ್ತೀನಿ. ಒಳ್ಳೇ ಬೆಲೆ. ಅಜ್ಜಿ ಬಾಯಿ ಮುಚ್ಕೊಂಡಿದ್ರೆ ಆಯ್ತು.”

ಚಂದ್ರಶೇಖರನಿಗೆ ಬಾಯಲ್ಲಿ ನೀರೂರಿತು. ವಿಶ್ವನಾಥನ ಸಪ್ಪೆ ಮುಖ ಕಣ್ಣ ಮುಂದೆ ಬಂತು. ಆದರೆ ಆ ಕಡೆ ಬೋರಕ್ಕ ಸೆರಗಿನ ತುದಿಯಿಂದ ಪೈಪಿನ ಮೇಲಿನ ಧೂಳು ಒರೆಸುತ್ತಾ, ತನ್ನ ಅಕ್ಷರವನ್ನು ತಾನೇ ನೋಡಿಕೊಂಡು ನಗುತ್ತಿದ್ದಳು. ಅದನ್ನು ನೋಡಿ ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು. ಈ ಮುದುಕಿಯ ಬಾಯಿ ಮುಚ್ಚಿಸಿ ಷಡ್ಡಕನ ಬಾಯಿ ಮುಚ್ಚಿಸಬೇಕೇ? ಹಾಳಾಗಿ ಹೋಗಲಿ ವಿಶ್ವನಾಥ.

“ವಿಡಿಯೊ ಮಾಡ್ರೀ,” ಎಂದ.

“ಏನಂತ ಸಾರ್? ಬೆಲೆ ಏರುತ್ತೋ ಇಳಿಯುತ್ತೋ, ನಂಗಂತೂ ಗೊತ್ತಿಲ್ಲ.”

“ಇದ್ದಿದ್ದು ಇದ್ದ ಹಂಗೆ ಮಾಡ್ರೀ.”

ಶಶಿಕಾಂತ್ ಗೊಣಗುತ್ತಾ ಮೊಬೈಲ್ ಎತ್ತಿದ. ಬೋರಕ್ಕ ಹ್ಯಾಂಡಲ್ ಹಿಡಿದು, ರೇಸಿಗೆ ಹೊರಟವಳಂತೆ ನಿಂತಳು.

“ಅಜ್ಜಿ, ಈ ಸಹಿ ಹಾಕಿದ್ದು ಯಾರು? ಹೆಸರು ಹೇಳಿ.”

ಈ ಹೆಸರು ಹೇಳಬೇಡ ಅಂತ ಅವಳಿಗೆ ಯಾವ ಅತ್ತೆಯೂ ಹೇಳಿರಲಿಲ್ಲ.

“ಬೋರಕ್ಕ!” ಎಂದು ಹಟ್ಟಿಗೆಲ್ಲ ಕೇಳುವ ಹಾಗೆ ಕೂಗಿ, ಸೈಕಲ್ಲಿನ ಬೆಲ್ಲು ಬಾರಿಸಿದಳು.