ಸವಿತಾಬೆನ್‌ಗೆ ಒಂದು ಸಲಹೆ

"ಸವಿತಾಬೆನ್, ಕೂಡ್ರಿ. ಏನ್ ತೊಂದರೆ ಅದ ಹೇಳ್ರಿ," ಎಂದಳು ಮನಸ್ವಿನಿ.

ಅವಳ ತಾಯಿ ಇಂದುಮತಿ ಆಗಲೇ ಕೂತಿದ್ದಳು. ಚಾಂದ್‌ಖೇಡಾದ ಕ್ವಾರ್ಟರ್ಸಿನ ಅಡುಗೆಮನೆಯ ನೆಲದ ಮೇಲೆ ಹಸಿ ತೊಗರಿಕಾಯಿ ಸುರುವಿಕೊಂಡು ಒಂದೊಂದೇ ಬಿಡಿಸುತ್ತಿದ್ದಳು. ಮಗಳು ಎದುರಿಗೆ ಸ್ಟೂಲಿನ ಮೇಲೆ. ನಾಳೆ ಬೆಳಿಗ್ಗೆ ಸ್ಯಾಟಲೈಟ್ ಬಡಾವಣೆಯ ದೊಡ್ಡ ವಕೀಲರ ಕಚೇರಿಯಲ್ಲಿ ಮನಸ್ವಿನಿಗೆ ಇಂಟರ್ನ್‌ಶಿಪ್ಪಿನ ಸಂದರ್ಶನ. ಬರೆಯುವ ಪರೀಕ್ಷೆ ದಾಟಿಯಾಗಿತ್ತು, ಉಳಿದದ್ದು ಕೊನೆಯ ಸುತ್ತು. ಅಲ್ಲಿ ಹಿರಿಯ ವಕೀಲರೊಬ್ಬರು ಕಕ್ಷಿದಾರರ ವೇಷದಲ್ಲಿ ಎದುರು ಕೂರುತ್ತಾರೆ. ಅವರನ್ನು ಮಾತಾಡಿಸಿ, ವಿಷಯ ತಿಳಿದುಕೊಂಡು, ಸಲಹೆ ಕೊಡಬೇಕು. ಅವಳ ಕಾಲೇಜಿನಿಂದ ಇಬ್ಬರನ್ನು ಕರೆದಿದ್ದರು, ತೆಗೆದುಕೊಳ್ಳುವುದು ಒಬ್ಬರನ್ನು. ಹೋದ ವರ್ಷ ಅಲ್ಲಿ ಆಯ್ಕೆಯಾದ ರಚನಾ ತನಗೆ ಬಂದಿದ್ದ ಪ್ರಶ್ನೆಯನ್ನು ಹೇಳಿಕೊಟ್ಟಿದ್ದಳು. ಕಲೋಲ್ ಕಡೆಯ ಹಳ್ಳಿಯ ಗುಜರಾತಿ ಹೆಣ್ಣುಮಗಳು ಸವಿತಾಬೆನ್, ತಂದೆ ತೀರಿಕೊಂಡಿದ್ದಾರೆ, ಹೊಲದಲ್ಲಿ ನಿನ್ನ ಪಾಲು ಬೇಡವೆಂದು ಸಹಿ ಹಾಕಿಕೊಡು ಎನ್ನುತ್ತಿದ್ದಾನೆ ಅಣ್ಣ. ಆ ಪಾತ್ರ ಈಗ ಇಂದುಮತಿಯ ಪಾಲಿಗೆ ಬಂದಿತ್ತು.

"ಏನಿಲ್ರಿ ವಕೀಲ್ರ. ನಮ್ಮಣ್ಣ ಸಹಿ ಹಾಕು ಅಂತಾನ."

"ಹೊಲ ಯಾರ ಹೆಸರಲ್ಲಿ ಅದ?"

"ನಮ್ಮಪ್ಪಂದು."

"ವಿಲ್ ಬರದಾರಾ?"

"ಇಲ್ಲ."

"ಯಾರಾದ್ರೂ ಒತ್ತಾಯ ಮಾಡ್ಯಾರಾ?"

"ಇಲ್ಲವ್ವಾ."

ಮನಸ್ವಿನಿ ಪೆನ್ನು ಕೆಳಗಿಟ್ಟಳು. "ಮಮ್ಮಿ, ಬರೀ ಇಲ್ಲ ಇಲ್ಲ ಅಂದ್ರ ಹೆಂಗ? ನಾಳೆ ಅವ್ರು ಫುಲ್ ಆ್ಯಕ್ಟಿಂಗ್ ಮಾಡ್ತಾರ. ನೀನೂ ಸ್ವಲ್ಪ ತುಂಬಿಸಿ ಹೇಳು."

"ನೀ ಪೊಲೀಸ್ರಂಗ ಕೇಳಿದ್ರ ಸವಿತಾಬೆನ್ ಏನ್ ಹೇಳ್ಯಾಳು? ಅಷ್ಟು ದೂರದಿಂದ ಬಂದಾಕಿಗೆ ಒಂದ್ ಕಪ್ ಚಹಾ ಬೇಕೇನಂತ ಕೇಳಿದೇನು?"

ಮಗಳು ನಕ್ಕಳು. ಸ್ಟೂಲಿನಿಂದ ಇಳಿದು ನೆಲದ ಮೇಲೆಯೇ ಕೂತು, ತಾನೂ ನಾಲ್ಕು ಕಾಯಿ ಕೈಗೆತ್ತಿಕೊಂಡಳು. "ಆಯ್ತು. ಹೊಲ ಎಂಥಾದ್ದು, ಹೇಳ್ರಿ."

"ಎರಿ ಹೊಲ. ಮಳಿ ಬಿದ್ರ ಇಟ್ಟ ಕಾಲು ಕೀಳಾಕ ಆಗೂದಿಲ್ಲ," ಎಂದಳು ಇಂದುಮತಿ. ದನಿ ನಿಧಾನವಾಯಿತು. "ಹಿಂಗಾರಿಗೆ ಕಡ್ಲಿ ಹಾಕ್ತಿದ್ರು. ಇದೇ ದಿನದಾಗ ನೋಡು, ನಸುಕಿನ್ಯಾಗ ಹೋಗಿ ಕಡ್ಲಿ ಗಿಡದ ಮ್ಯಾಲ ಬಿಳಿ ಅರಬಿ ಹಾಸತಿದ್ವಿ. ಇಬ್ಬನಿ ಕುಡದು ಅರಬಿ ತೊಯ್ತಿತ್ತು. ಹಿಂಡಿದ್ರ ಹುಳಿ ಬರ್ತದ, ಹಲ್ಲು ಚುಂಯ್ ಅನ್ನೂವಂಥಾ ಹುಳಿ. ಅದನ್ನ ಸೀಸೇದಾಗ ತುಂಬಿ ಇಡೂದು. ಹೊಟ್ಟಿ ನೋವಿಗೆ ಭಾಳ ಛಲೋ. ಅಣ್ಣ ಒಂದು ಕಡೆ ಹಿಡಿಯಾಂವ, ನಾ ಒಂದು ಕಡೆ. ಹಿಂಡೂವಾಗ ನನ್ನ ಮಾರಿಗೆ ಬೇಕಂತನ ಸಿಡಸಾಂವ."

ತಾಯಿಗೆ ಇಷ್ಟು ಚೆನ್ನಾಗಿ ನಟಿಸಲು ಬರುತ್ತದೆಂದು ಮನಸ್ವಿನಿಗೆ ಗೊತ್ತಿರಲಿಲ್ಲ. ಅವಳಿಗೆ ಹುರುಪು ಬಂತು. ಬೆನ್ನು ನೆಟ್ಟಗೆ ಮಾಡಿಕೊಂಡು, ಬಾಯಿಪಾಠ ಮಾಡಿಟ್ಟದ್ದನ್ನು ಹೇಳಿದಳು: "ಸವಿತಾಬೆನ್, ನೀವು ಸಹಿ ಹಾಕಬ್ಯಾಡ್ರಿ. ಮಗಳಿಗೂ ಮಗನಷ್ಟೇ ಪಾಲು. ಕಾನೂನು ನಿಮ್ಮ ಕಡೆ ಅದ. ಕೋರ್ಟಿಗೆ ಹೋದ್ರೂ ನಾವು ಗೆಲ್ತೀವಿ."

"ಗೆಲ್ತೀವಿ. ಗೆದ್ದ ಮ್ಯಾಲ ಪಂಚಮಿಗೆ ಕರೆಯಾಕ ಯಾರು ಬರ್ತಾರ?"

"ಅಯ್ಯೋ ಮಮ್ಮಿ, ಕಲೋಲ್‌ನಾಗ ಪಂಚಮಿಗೆ ಯಾರು ಕರೀತಾರ? ರಾಖಿ ಅಂತ ಹೇಳು," ಎಂದು ನಕ್ಕವಳು ಅರ್ಧಕ್ಕೇ ನಗು ನಿಲ್ಲಿಸಿದಳು. ನಾಗರ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋಗುವುದು ತಾಯಿಯ ಊರಿನ ರೂಢಿ, ನವಲಗುಂದದ ಕಡೆಯದು. ಅರಿವೆ ಹಾಸಿ ಹುಳಿ ಹಿಡಿಯುವವರೂ ಆ ಕಡೆಯವರೇ.

ಇಂದುಮತಿ ತಲೆ ಎತ್ತಲಿಲ್ಲ. ಬೆರಳುಗಳು ಕಾಯಿ ಬಿಡಿಸುತ್ತಲೇ ಇದ್ದವು.

"ಮಾಮಾ ಫೋನ್ ಮಾಡಿದ್ದಾ?"

"ಮೊನ್ನೆ. ನಿಮ್ಮಜ್ಜಿ ಹೋದ ಮ್ಯಾಲ ಒಂದು ಪಂಚಮಿಗೂ ಕರೆಯಾಕ ಬಂದಾಂವಲ್ಲ. ಈಗ ಸಂಕ್ರಮಣಕ್ಕ ನಾನ ಬರ್ತೀನಿ, ತಯಾರಾಗಿರು ತಂಗಿ, ಅಂದ. ಹಬ್ಬಾ ಮಾಡಿ, ಮರುದಿನ ಹಂಗ ಒಂದೀಟು ರಿಜಿಸ್ಟರ್ ಕಚೇರಿಗೆ ಹೋಗಿ ಬರೂಣು ಅಂದ. ಯಾಕಂತ ನಾ ಕೇಳಲಿಲ್ಲ. ಅಂವನೂ ಹೇಳಲಿಲ್ಲ."

"ಪಪ್ಪಾಗ ಹೇಳಿದೀ?"

"ನಿನ್ನ ತವರು, ನೀನ ನೋಡು ಅಂದ್ರು." ಇಂದುಮತಿ ಸಿಪ್ಪೆಯನ್ನು ಒಂದು ಕಡೆ ಸರಿಸಿದಳು. "ಈಗ ಹೇಳ್ರಿ ವಕೀಲ್ರ. ಸಹಿ ಹಾಕಲೋ ಬ್ಯಾಡೋ?"

ಆಗಷ್ಟೇ ಸವಿತಾಬೆನ್‌ಗೆ ಕೊಟ್ಟ ಉತ್ತರ ಮನಸ್ವಿನಿಯ ನಾಲಿಗೆಯ ತುದಿಯಲ್ಲೇ ಇತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದನ್ನು ತಾಯಿಯ ಮುಖ ನೋಡಿ ಹೇಳಲು ಅವಳಿಂದಾಗಲಿಲ್ಲ. ಹೊರಗೆ ಹುಡುಗರು ಗಾಳಿಪಟ ಹಾರಿಸುತ್ತ ಕೂಗಾಡುತ್ತಿದ್ದರು.

"ಗೊತ್ತಾಗವಲ್ದು ಮಮ್ಮಿ," ಎಂದಳು ಕೊನೆಗೆ. "ನಿನಗ ಏನ್ ಬೇಕು?"

ಇಂದುಮತಿಯ ಕೈ ನಿಂತಿತು. ಬಿಡಿಸಿದ ಕಾಳುಗಳ ಮೇಲೆ ಒಮ್ಮೆ ಅಂಗೈ ಆಡಿಸಿದಳು. ಆಮೇಲೆ ಎದ್ದು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಫೋನ್ ತೆಗೆದುಕೊಂಡಳು.

"ಅಣ್ಣಾ, ನಾ ಇಂದು. ಹೂಂ, ಎಲ್ಲಾರೂ ಆರಾಮ ಅದೀವಿ. ಹಬ್ಬದ ಮಾತಿಗೇ ಮಾಡೀನಿ." ಒಮ್ಮೆ ಉಸಿರೆಳೆದುಕೊಂಡಳು. "ನೀ ಕರೆಯಾಕ ಬರಬ್ಯಾಡ. ನಾನ ಬರ್ತೀನಿ. ಮೊದಲು ಹೊಲಕ್ಕ ಹೋಗೂಣು, ಎಲ್ಲಿಂದ ಎಲ್ಲೀ ತನಕಾ ಅದ ಅಂತ ನನಗ ತೋರಸು. ಕಚೇರಿ ಮಾತು ಆಮ್ಯಾಲ."

ಇಂದುಮತಿ ಫೋನನ್ನು ಕಿವಿಗೆ ಒತ್ತಿಕೊಂಡು, ಅಣ್ಣ ಹೂಂ ಅನ್ನುವುದನ್ನು ಕಾಯುತ್ತ ನಿಂತೇ ಇದ್ದಳು.