ಹೆಸರಿದ್ದ ಡಬ್ಬಿ

"ಇದೇನಮ್ಮಾ, ಒಂಬತ್ತು ಮನಿಗೆ ಬುಟ್ಟಿ, ಒಂದು ಮನಿಗೆ ಮಾತ್ರ ಸ್ಟೀಲ್ ಡಬ್ಬಿ?" ಶ್ರೀವಾಣಿ ಸೊಂಟದ ಮೇಲೆ ಕೈಯಿಟ್ಟು ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

ಅವಳ ಸಿಟ್ಟು ಸುಳ್ಳಲ್ಲ. ಹೋದ ದೀಪಾವಳಿಗೆ ಓಣಿಯವರು ಫರಾಳದ ತಿನಿಸು ಹಂಚಿದ ಪ್ಲಾಸ್ಟಿಕ್ ಚೀಲಗಳೆಲ್ಲ ಗಟಾರಕ್ಕೆ ಸೇರಿ, ನೀರು ನಿಂತು, ವಾರಗಟ್ಟಲೆ ನಾರಿತ್ತು. ಶಾಲೆಯಲ್ಲಿ ಮಕ್ಕಳಿಗೆ ಪರಿಸರದ ಪಾಠ ಹೇಳುವ ಟೀಚರ್ ತನ್ನ ಮನೆಯಲ್ಲಿ ಅದನ್ನು ಹೇಗೆ ಸಹಿಸಿಯಾಳು? ಈ ಸಲ ಚಿಂಚೋಳಿ ಸಂತೆಯಿಂದ ಪುಟ್ಟ ಬಿದಿರಿನ ಬುಟ್ಟಿಗಳನ್ನು ತಾನೇ ಆರಿಸಿ ತಂದಿದ್ದಳು. ಒಳಗೆ ಮುತ್ತಲದ ಎಲೆ ಹಾಸಿ, ಚಕ್ಕುಲಿ, ಉಂಡಿ, ಶಂಕರಪಾಳಿ ತುಂಬಿ, ಮೇಲೊಂದು ಕಾಗದದ ಪೊಟ್ಟಣದಲ್ಲಿ ಚೆಂಡುಹೂವಿನ ಬೀಜ ಇಟ್ಟಿದ್ದಳು. ಫರಾಳ ತಿನ್ನಬೇಕು, ಬೀಜ ಊರಬೇಕು, ಬುಟ್ಟಿ ಇಟ್ಟುಕೊಳ್ಳಬೇಕು. ಏನನ್ನೂ ವಾಪಸ್ ಕೊಡುವ ತಾಪತ್ರಯವಿಲ್ಲ.

ತಾಯಿ ಭಾಮಾಗೆ ಬೇಡವಾದದ್ದು ಆ ಕೊನೆಯ ಮಾತೊಂದೇ.

"ಬುಟ್ಟಿ ಭಾಳ ಚಲೋ ಅದಾವ. ಇಮಾಮ್‌ಬೀ ಮನಿಗೆ ಮಾತ್ರ ಡಬ್ಬಿನೇ ಹೋಗ್ಲಿ."

"ಅದರ ಮ್ಯಾಲೆ ನಿನ್ನ ಹೆಸರು ಕೊರಸೀದಿ. ಪಾಪ, ಅವರು ಮತ್ತ ಅದನ್ನ ತಂದು ಮುಟ್ಟಿಸ್ಬೇಕಾಗ್ತದ."

"ಅದಕ್ಕೇ," ಎಂದಳು ಭಾಮಾ. ಮಗಳ ಮುಖ ನೋಡಲಿಲ್ಲ.

ಶ್ರಾವಣದಲ್ಲಿ ಪಕ್ಕದ ಮನೆಯ ಇಮಾಮ್‌ಬೀಯ ಆಡು ಫರಸಿಕಲ್ಲಿನ ಗೋಡೆ ಹಾರಿ ಬಂದು ಭಾಮಾಳ ತುಳಸಿಯನ್ನು ಬುಡಮಟ್ಟ ಮೇಯ್ದುಬಿಟ್ಟಿತ್ತು. ಮಡಿಯುಟ್ಟು ಪೂಜೆಗೆ ಬಂದವಳಿಗೆ ಬೋಳು ಕಟ್ಟೆ ಕಂಡು ತಲೆಕೆಟ್ಟು ಹೋಯಿತು. "ಇನ್ನ ನಮ್ಮ ಅಂಗಳದಾಗ ಕಾಲಿಡಬ್ಯಾಡ್ರಿ, ನೀವೂ, ನಿಮ್ಮ ಆಡೂ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ್ದಳು. ಆಡು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ, ಎರಡೇ ದಿನಕ್ಕೆ ಮತ್ತೆ ಬಂತು. ಹದಿನೆಂಟು ವರ್ಷ ದಿನಕ್ಕೆ ನಾಲ್ಕು ಸಲ ಬರುತ್ತಿದ್ದ ಇಮಾಮ್‌ಬೀ ಮಾತ್ರ ಬರಲಿಲ್ಲ. ತುಳಸಿ ದಸರೆಯ ಹೊತ್ತಿಗೆ ಚಿಗುರಿಕೊಂಡಿತು. ತಪ್ಪಾಯಿತು ಎಂದು ಹೋಗಿ ಹೇಳಲು ಭಾಮಾಗೆ ನಾಲಿಗೆ ಏಳಲೊಲ್ಲದು, ಹೇಳದೆ ಊಟ ಸೇರಲೊಲ್ಲದು. ಡಬ್ಬಿ ಕಳಿಸಿದರೆ ವಾಪಸ್ ಕೊಡುವುದಕ್ಕಾದರೂ ಅವಳು ಅಂಗಳಕ್ಕೆ ಕಾಲಿಡಬೇಕಲ್ಲ!

"ಕೈಯಾಗ ಕೊಟ್ಟು ಬಂದುಬಿಡು," ಎಂದು ಮಗಳಿಗೆ ತಾಕೀತು ಮಾಡಿದಳು. "'ನಿಂದ್ರು, ಖಾಲಿ ಮಾಡಿ ಕೊಡ್ತೀನಿ' ಅಂದ್ರ ನಿಂದ್ರಬ್ಯಾಡ ಮತ್ತ."

ಶ್ರೀವಾಣಿ ಹೋದಷ್ಟೇ ಬೇಗ ಬಂದಳು. "ಇಸ್ಕೊಂಡ್ರು. ಹೆಸರಿನ ಮ್ಯಾಲೆ ಕೈ ಆಡಿಸಿದ್ರು."

ಪಾಡ್ಯ ಕಳೆಯಿತು, ಬಿದಿಗೆ ಕಳೆಯಿತು. ಬುಟ್ಟಿ ಹೋದ ಮನೆಗಳಿಂದ ಹೊಗಳಿಕೆ ಬಂತು, ಶ್ರೀವಾಣಿ ಹಿಗ್ಗಿದಳು. ಭಾಮಾ ಮಾತ್ರ ಬೆಳಿಗ್ಗೆ ಎದ್ದವಳೇ ನಡುಗೋಡೆಯ ಕಡೆ ನೋಡುತ್ತಿದ್ದಳು. ಮಾತಿಲ್ಲದೆ ಕತೆಯಿಲ್ಲದೆ ಇಮಾಮ್‌ಬೀ ಡಬ್ಬಿಯನ್ನು ಆ ಗೋಡೆಯ ಮೇಲಿಟ್ಟು ಹೋದರೆ? ಅಲ್ಲಿಗೆ ಎಲ್ಲ ಮುಗಿದಂತೆ.

ಐದನೆಯ ದಿನ ಇಳಿಹೊತ್ತಿನಲ್ಲಿ ಹೊರಗಿನಿಂದ ದನಿ ಕೇಳಿತು. "ಭಾಮಾಬಾಯಿ..."

ಇಮಾಮ್‌ಬೀ ಅಂಗಳದ ಅಂಚಿನ ಕಲ್ಲಿನಾಚೆಯೇ ನಿಂತಿದ್ದಳು. ಒಂದು ಕೈಯಲ್ಲಿ ಡಬ್ಬಿ, ಅದರ ತುಂಬ ಚೆಲ್ಲುವಷ್ಟು ಹಸಿ ತೊಗರಿಕಾಯಿ. ಕೊಟ್ಟ ಡಬ್ಬಿಯನ್ನು ಅವಳು ಎಂದೂ ಖಾಲಿ ತಂದವಳಲ್ಲ. ಭಾಮಾಳ ಮನೆಯಲ್ಲಿ ಹೊರಗೆ ಬೇಯಿಸಿದ್ದು ನಡೆಯುವುದಿಲ್ಲವೆಂದು ಕಾಳು, ಕಾಯಿ ಇಂಥದ್ದನ್ನೇ ಹಾಕಿ ತರುವಳು.

"ತಡ ಆಯ್ತ್ರಿ. ತಮ್ಮನ ಹೊಲದಾಗ ಕಾಯಿ ಬಲೀಲಿ ಅಂತ ನೋಡ್ಲಿಕತ್ತಿದ್ದೆ."

"ಅಲ್ಲೇ ಯಾಕ ನಿಂತ್ರಿ?"

"ಕಾಲಿಡಬ್ಯಾಡ ಅಂದಿದ್ರಲ್ಲ."

ಮೂರು ತಿಂಗಳು ಹೊರಳದ ಭಾಮಾಳ ನಾಲಿಗೆ ಈಗ ತಾನಾಗಿಯೇ ಹೊರಳಿತು. "ಅಂದಿದ್ದೆ. ನನ್ನ ಬಾಯಾಗ ಮಣ್ಣ ಬೀಳ್ಲಿ. ತಪ್ಪಾಯ್ತು ಇಮಾಮ್‌ಬೀ, ಬರ್ರಿ ಒಳಗ, ಕುಂದ್ರಿ."

ಇಮಾಮ್‌ಬೀ ಕಲ್ಲು ದಾಟಿ ಬಂದಳು. ತುಳಸಿಯ ಕಡೆ ಓರೆಗಣ್ಣಲ್ಲಿ ನೋಡಿದಳು. "ಚಲೋ ಚಿಗತದ." ಅಷ್ಟರಲ್ಲಿ ಗೋಡೆಯಾಚೆ ಆಡು ತನ್ನನ್ನೂ ಕರೆದರೆಂಬಂತೆ ಒದರಿತು. ಇಬ್ಬರೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಅಂಗಳದ ಹಾಸುಗಲ್ಲಿನ ಮೇಲೆ ಮೂರು ತಿಂಗಳ ಮಾತು ಬಿಚ್ಚಿ ಕೂತವರಿಗೆ ಹೊತ್ತು ಮುಳುಗುತ್ತ ಬಂದದ್ದೇ ತಿಳಿಯಲಿಲ್ಲ.

ಇಮಾಮ್‌ಬೀ ಎದ್ದಾಗ ಶ್ರೀವಾಣಿ ತೊಗರಿಕಾಯಿ ಬರಿದು ಮಾಡಿದ ಡಬ್ಬಿ ಹಿಡಿದು ಹೊರಗೆ ಬಂದಳು. "ಖಾಲಾ, ಇದರ ಮುಚ್ಚಳ ಎಲ್ಲಿರಿ?"

"ಮನ್ಯಾಗ ಮರ್ತು ಬಂದೀನಿ ಬೇಟಾ. ನಾಳಿ ತಂದು ಕೊಡ್ತೀನಿ."

ಹೇಳಿ ಅವಳು ಅತ್ತ ತಿರುಗಿದಾಗ, ಸೆರಗಿನ ಮರೆಯಲ್ಲಿ ಅವುಚಿಕೊಂಡಿದ್ದ ಮುಚ್ಚಳಕ್ಕೆ ಇಳಿಬಿಸಿಲು ಬಿದ್ದು ಫಳ್ಳೆಂದಿತು. ಶ್ರೀವಾಣಿ ಏನೋ ಹೇಳಲು ಬಾಯಿ ತೆರೆದಳು. ಭಾಮಾ ಅವಳ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದಳು.

"ಅವಸರ ಏನಿಲ್ರಿ, ಇಮಾಮ್‌ಬೀ. ನಾಳಿನೇ ತರ್ರಿ."